ಹೊಸ್ತಿಲಿಗೆ ಬಂದ ನೀರು

ನಾನು ಬದುಕಿನಲ್ಲಿ ಅಚ್ಚಿಗೆ ಅಂತ ಬರೆದದ್ದು ಒಂದೇ ಲೇಖನ. ಮೂರೂವರೆ ಪುಟ. ‘ನಮ್ಮ ಕೆರೆ: ಇತಿಹಾಸ ಮತ್ತು ಭೂಗೋಳ’ ಎಂದು ತಲೆಬರಹ. ನಮ್ಮ ಹೈಸ್ಕೂಲಿನ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯಲ್ಲಿ, ಅಂಗಡಿಗಳವರು ಕೊಟ್ಟ ಶುಭಾಶಯದ ಜಾಹೀರಾತುಗಳ ನಡುವೆ, ನನ್ನ ಫೋಟೋ ಸಮೇತ ಬಂದಿತ್ತು. ಅಂಥ ಸಂಚಿಕೆಗಳನ್ನು ಯಾರು ಓದುತ್ತಾರೆ ಹೇಳಿ. ಕಪಾಟು ಸೇರುತ್ತವೆ, ಇಲ್ಲ ಬಜ್ಜಿ ಕಟ್ಟುವುದಕ್ಕೆ ಹೋಗುತ್ತವೆ. ನನ್ನದು ಬಜ್ಜಿ ಕಟ್ಟುವುದಕ್ಕೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ನೂರು ಸಲ ಅಂದುಕೊಂಡಿದ್ದೇನೆ.

ಊರಿನ ಹೆಸರು, ಕೆರೆಯ ಹೆಸರು, ಮನುಷ್ಯರ ಹೆಸರು ಯಾವುದನ್ನೂ ಇಲ್ಲಿ ಹಾಕುವುದಿಲ್ಲ. ಒಂದು ಸಲ ಬರೆದು ಮಾಡಿದ ಅನಾಹುತವೇ ಸಾಕು. ಯಲ್ಲಾಪುರ ತಾಲೂಕಿನಲ್ಲಿ ಹೆದ್ದಾರಿಗೆ ತಾಗಿಕೊಂಡಿರುವ ಒಂದು ಸಣ್ಣ ಪೇಟೆ ಅಂದರೆ ಸಾಕು. ಸಿದ್ದಾಪುರ ತಾಲೂಕಿನ ನಿಲ್ಕುಂದದ ಕಡೆಯವಳಾದ ನಾನು ತೊಂಬತ್ತರ ದಶಕದ ಮೊದಲಿಗೆ ಸಮಾಜ ವಿಜ್ಞಾನದ ಟೀಚರಾಗಿ ಅಲ್ಲಿಗೆ ಬಂದೆ. ನಮ್ಮ ಕಡೆ ಟೀಚರನ್ನು ಅಕ್ಕೋರು ಅನ್ನುತ್ತಾರೆ. ಇಪ್ಪತ್ತಮೂರನೆಯ ವಯಸ್ಸಿಗೇ ಮುದುಕರೂ ನನಗೆ ‘ಅಕ್ಕೋರೆ’ ಎಂದು ಕೈ ಮುಗಿಯುತ್ತಿದ್ದರು. ಅದು ತಲೆಗೆ ಏರದೆ ಇರುತ್ತದೆಯೇ? ಏರಿತು.

ಮೊದಲ ವರ್ಷದ ಬೇಸಿಗೆ ರಜೆಯಲ್ಲಿ ಅಕ್ಕನ ಬಾಣಂತನಕ್ಕೆಂದು ಠಾಣೆಗೆ ಹೋದೆ. ಅಮ್ಮನಿಗೆ ಕಾಲುನೋವು, ಅಷ್ಟು ದೂರ ಹೋಗುವ ಹಾಗಿರಲಿಲ್ಲ. ಭಾವ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಮುಂಬೈಗೆ ಅಂಟಿಕೊಂಡ ಊರು ಅಂದರೆ ಬರೀ ಹೊಗೆ, ರೈಲು, ನೂಕುನುಗ್ಗಲು ಅಂದುಕೊಂಡಿದ್ದವಳಿಗೆ ಊರ ನಡುವೆ ಅಷ್ಟು ದೊಡ್ಡ ಕೆರೆ ನೋಡಿ ಆಶ್ಚರ್ಯವಾಯಿತು. ಸಂಜೆಯಾದರೆ ಕೂಸನ್ನು ಎತ್ತಿಕೊಂಡು ದಂಡೆಯ ಮೇಲೆ ಕೂರುತ್ತಿದ್ದೆ. ದೋಣಿಗಳು ಓಡಾಡುತ್ತಿದ್ದವು, ಭೇಲ್‌ಪುರಿ ಗಾಡಿಗಳು ನಿಂತಿರುತ್ತಿದ್ದವು. ಭಾವನಿಗೆ ಆ ಊರಿನ ಬಗ್ಗೆ ಸ್ವಂತ ಆಸ್ತಿಯ ಹಾಗೆ ಅಭಿಮಾನ. ಇಲ್ಲಿ ಎಷ್ಟೋ ಕೆರೆಗಳಿದ್ದವಂತೆ, ಅರ್ಧಕ್ಕರ್ಧ ಕಟ್ಟಡಗಳ ಕೆಳಗೆ ಹೋದವಂತೆ, ಈ ಕೆರೆ ಮೊದಲು ರಸ್ತೆಯಾಚೆಯ ದೇವಸ್ಥಾನದ ಮೆಟ್ಟಿಲವರೆಗೂ ಹಬ್ಬಿತ್ತಂತೆ, ದೇಶದ ಮೊದಲ ರೈಲು ಬಂದು ನಿಂತದ್ದು ಇದೇ ಊರಿನಲ್ಲಂತೆ. ದಂಡೆಯ ಅಂಗಡಿಯಲ್ಲಿ ಒಂದು ತೆಳ್ಳಗಿನ ಮರಾಠಿ ಪುಸ್ತಿಕೆ ಸಿಕ್ಕಿತು. ನನ್ನ ಮರಾಠಿ ಅಷ್ಟಕ್ಕಷ್ಟೆ. ಭಾವನನ್ನು ಪೀಡಿಸಿ ಪೀಡಿಸಿ ಅರ್ಥ ಹೇಳಿಸಿಕೊಂಡೆ. ಶಿಲಾಹಾರ ಅರಸರು, ಪೋರ್ತುಗೀಸರು, ಮರಾಠರು, ಕೋಟೆ, ಸಮುದ್ರದ ಖಾಡಿ, ರೈಲು, ಕೊನೆಗೆ ಮಹಾನಗರ ಬಂದು ನೀರನ್ನೆಲ್ಲ ನುಂಗಿದ್ದು. ಓದುತ್ತಾ ಓದುತ್ತಾ ನನಗೆ ಕಣ್ಣಲ್ಲಿ ನೀರು ಬಂತು. ಆ ಪುಸ್ತಿಕೆಯನ್ನು ಸೀರೆಯ ಮಡಿಕೆಯಲ್ಲಿಟ್ಟು ಊರಿಗೆ ತಂದೆ.

ಅದಾಗಿ ನಾಲ್ಕು ವರ್ಷಕ್ಕೆ ಬೆಳ್ಳಿಹಬ್ಬ. ಅಷ್ಟರಲ್ಲಿ ನನಗೆ ಅದೇ ಪೇಟೆಯಲ್ಲಿ ಮದುವೆಯೂ ಆಗಿತ್ತು. ಹೆಡ್ ಮಾಸ್ತರರು ಕರೆದು, “ಊರಿನ ಕೆರೆ ಬಗ್ಗೆ ಒಂದು ಒಳ್ಳೆ ಲೇಖನ ಆಗ್ಬೇಕು ನೋಡಿ” ಅಂದರು. ಊರಿನ ಕೆರೆ ಅಂದರೆ ದೊಡ್ಡದೇನಲ್ಲ. ಶಾಲೆಯ ಹಿಂದಿನ ದಿಬ್ಬದಿಂದ ನೋಡಿದರೆ ಪೂರ್ತಿ ಕಾಣುತ್ತಿತ್ತು. ಮೂಡಲಿಗೆ ನಾಟಾ, ಅಂದರೆ ಮರದ ದಿಮ್ಮಿಗಳ ಡಿಪೋ, ಪಡುವಲಿನಿಂದ ಬಡಗಲಿಗೆ ಬಳಸಿ ಹೋಗುವ ಹೆದ್ದಾರಿ, ತೆಂಕಲಿಗೆ ಏರಿ ಮತ್ತು ತೂಬು, ಅದರ ಕೆಳಗೆ ಗದ್ದೆ ಬಯಲು. ಬಡಗಲಿಗೆ, ಕೆರೆಗೂ ಹೆದ್ದಾರಿಗೂ ನಡುವೆ, ಸಾಲಾಗಿ ಎಂಟು ಮನೆ. ಲಾರಿ ಡ್ರೈವರರು, ಗ್ಯಾರೇಜಿನವರು, ಕಟ್ಟಿಗೆ ಕೊಯ್ಯುವವರು ಇದ್ದ ಕೇರಿ ಅದು. ಐದು ವರ್ಷ ಆ ಊರಿನಲ್ಲಿದ್ದೂ ಆ ಕೇರಿಯೊಳಗೆ ನಾನು ಕಾಲಿಟ್ಟಿರಲಿಲ್ಲ. ಯಾರೂ ಬೇಡ ಅಂದವರಿಲ್ಲ. ಹೋಗುವ ರೂಢಿ ಇರಲಿಲ್ಲ, ಅಷ್ಟೆ.

ಕೆರೆಯ ಬಗ್ಗೆ ಗೊತ್ತಿದ್ದವರು ಯಾರು ಅಂತ ವಿಚಾರಿಸಿದರೆ ಎಲ್ಲರೂ ಆ ಕೇರಿಯ ಮೂರನೆಯ ಮನೆಯ ಮುದುಕನ ಕಡೆ ಬೊಟ್ಟು ಮಾಡಿದರು. ಮೂವತ್ತು ವರ್ಷ ನಾಟಾ ಲಾರಿ ಓಡಿಸಿ ಬಿಟ್ಟ ಸಾಬರು. ಹೋದೆ. ನನ್ನನ್ನು ನೋಡಿ ಅವರು ಬೀಡಿ ಎಸೆದು ಎದ್ದು ನಿಂತರು.

“ಬರ್ರಿ ಅಕ್ಕೋರೆ, ಬರ್ರಿ. ಕುಂದರ್ರಿ. ನಮ್ಮ ಮನಿಗೆ ಅಕ್ಕೋರು ಬಂದಾರ ನೋಡು!” ಎಂದು ಒಳಗೆ ಕೂಗಿದರು.

ಹೆಂಡತಿ ಬಾಗಿಲಿಗೆ ಬಂದು, “ಚಾ ಮಾಡ್ತೀನ್ರಿ?” ಅಂದಳು. ನಾನು ಲಗುಬಗೆಯಿಂದ, “ಬೇಡ ಬೇಡ, ಈಗಷ್ಟೇ ಕುಡಿದು ಬಂದೆ” ಅಂದೆ. ಮಧ್ಯಾಹ್ನ ಮೂರು ಗಂಟೆ, ಶಾಲೆಯಿಂದ ನೇರ ಬಂದಿದ್ದೆ, ಬಾಯಿ ಒಣಗಿ ಅಂಟಿಕೊಳ್ಳುತ್ತಿತ್ತು. ಅವರಿಗೆ ಗೊತ್ತಾಯಿತು. ನಮ್ಮವರು ಅವರ ಮನೆಯಲ್ಲಿ ಕುಡಿಯುವುದಿಲ್ಲ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಮುದುಕ ಎದ್ದು ಹೋಗಿ ಹೆದ್ದಾರಿಯ ಅಂಗಡಿಯಿಂದ ಗೋಲಿ ಸೋಡಾ ತಂದು, ನನ್ನೆದುರಿಗೇ ಒಡೆದು, ಬಾಟಲಿ ಸಮೇತ ಕೈಗೆ ಕೊಟ್ಟರು. ಗಟಗಟ ಕುಡಿದೆ. ನಾಚಿಕೆ ಆಗಲಿಲ್ಲವೇ ಅಂದರೆ, ಆಗ ಆಗಲಿಲ್ಲ. ಎಷ್ಟು ತಿಳುವಳಿಕೆಯ ಮನುಷ್ಯ ಅಂದುಕೊಂಡೆ.

ಆಮೇಲೆ ಅವರು ಹೇಳತೊಡಗಿದರು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

“ನಮ್ಮಪ್ಪ ಎತ್ತಿನ ಗಾಡಿ ಹೊಡೀತಿದ್ದ. ಕಾಡಿಂದ ನಾಟಾ ತಂದು ಇಲ್ಲಿ ಎತ್ತು ಬಿಡೋದು. ಎತ್ತಿಗೆ ನೀರು ಬೇಕಲ್ರಿ? ಅದಕ್ಕ ಕೆರೆ ಬಾಜೂಕ ಗುಡಸಲ ಹಾಕಿದ್ರು. ಆಮ್ಯಾಲೆ ಮನಿ ಆತು. ಆಮ್ಯಾಲೆ ಅಂಗಡಿ ಬಂತು. ಆಮ್ಯಾಲೆ ನಿಮ್ಮ ಸಾಲಿ ಬಂತು.”

ಊರಿನ ಇತಿಹಾಸ ಇಷ್ಟೇ, ಪೂರ್ತಿ. ಅವರು ಇದಕ್ಕಿಂತ ಜಾಸ್ತಿ ಹೇಳಲಿಲ್ಲ, ಜಾಸ್ತಿ ಇರಲೂ ಇಲ್ಲ. ನನಗೆ ಸಪ್ಪೆ ಅನಿಸಿತು. ಅರಸರಿಲ್ಲ, ಕೋಟೆಯಿಲ್ಲ, ಬರೀ ಎತ್ತು. ಠಾಣೆಯ ಕೆರೆ ನೆನಪಾಗಿ, “ಕೆರೆ ಮೊದಲು ಇನ್ನೂ ದೊಡ್ಡದಿತ್ತಾ? ನೀರು ಎಲ್ಲಿವರೆಗೆ ಬರ್ತಿತ್ತು?” ಎಂದು ಕೇಳಿದೆ.

“ಇಲ್ರಿ, ಇದ್ದದ್ದು ಇಷ್ಟೇ. ಒಂದ್ ವರ್ಸ ಮಾತ್ರ, ಕೋಡಿಗೆ ಒಂದು ದಿಮ್ಮಿ ಅಡ್ಡ ಬಿದ್ದು, ನೀರು ಹೋಗಾಕ ದಾರಿ ಇಲ್ದಂಗಾಗಿ, ಮ್ಯಾಲೆ ಬಂದಿತ್ತು. ಮೂರು ದಿನ ನಮ್ಮ ಹೊಸ್ತಿಲಕ್ಕ ಹತ್ತಿತ್ತು. ಇಕಿ ಹೊಸ್ತಿಲ ಮ್ಯಾಲೆ ಕುಂತು ಅಲ್ಲೇ ಪಾತ್ರಿ ತೊಳದ್ಲು!”

ಒಳಗಿಂದ ಹೆಂಡತಿ ನಕ್ಕದ್ದು ಕೇಳಿಸಿತು. “ಅದನ್ನೂ ಬರಸ್ತಾನ ನೋಡ್ರಿ” ಅಂದಳು. ಬರೆದುಕೊಂಡೆ. ಹಾಗೆಯೇ ಬರೆದುಕೊಂಡೆ, ಒಂದಕ್ಷರ ಬಿಡದೆ.

ಲೇಖನ ಬರೆಯಲು ಕೂತಾಗ ನೋಟ್‌ಬುಕ್ಕು ಎಡಕ್ಕಿತ್ತು, ಠಾಣೆಯ ಪುಸ್ತಿಕೆ ಬಲಕ್ಕಿತ್ತು. ಕೈ ಬಲಕ್ಕೇ ಹೋಗುತ್ತಿತ್ತು. ಆ ಪುಸ್ತಿಕೆಯಲ್ಲಿ ಕೆರೆ ದೇವಸ್ಥಾನದ ಮೆಟ್ಟಿಲು ಮುಟ್ಟಿತ್ತಲ್ಲ, ನಮ್ಮದು ಯಾಕೆ ಹೆದ್ದಾರಿ ಮುಟ್ಟಬಾರದು? ಸೋದೆಯ ಅರಸರ ಕಾಲದ್ದಿರಬಹುದು ಎಂದು ಒಂದು ಸಾಲು ಸೇರಿಸಿದೆ. ‘ಇರಬಹುದು’ ಅಂದರೆ ಯಾರು ಕೇಳುತ್ತಾರೆ? ಎತ್ತಿನ ಗಾಡಿಗಳನ್ನು ಬಿಟ್ಟೆ. ಆಮೇಲೆ ಬರೆದೆ: “ಒಂದು ಕಾಲಕ್ಕೆ ಈ ಕೆರೆ ಇಂದಿನ ಹೆದ್ದಾರಿಯವರೆಗೂ ಹಬ್ಬಿತ್ತು. ಬಡಗಣ ದಂಡೆಯ ಹಿರಿಯರೊಬ್ಬರು ನೆನೆಸಿಕೊಳ್ಳುವಂತೆ, ಕೆರೆಯ ನೀರು ಸದಾ ಅವರ ಮನೆಯ ಹೊಸ್ತಿಲನ್ನು ತೊಳೆಯುತ್ತಿತ್ತು.” ಸದಾ! ಮೂರು ದಿನವನ್ನು ಸದಾ ಮಾಡಲು ನನಗೆ ಅರೆಕ್ಷಣವೂ ಬೇಕಾಗಲಿಲ್ಲ. ಸುಳ್ಳು ಬರೆಯುತ್ತಿದ್ದೇನೆ ಎಂದು ಅನಿಸಲೂ ಇಲ್ಲ. ಚೆಂದ ಬರೆಯುತ್ತಿದ್ದೇನೆ ಅನಿಸಿತು.

ಸಮಾರಂಭದ ದಿನ ಹೊರಗಿನಿಂದ ಬಂದ ಅತಿಥಿಯೊಬ್ಬರು ಮೈಕಿನಲ್ಲಿ ಅದೇ ಎರಡು ಸಾಲು ಓದಿ ಹೊಗಳಿದರು. ಮನೆಗೆ ಬಂದ ಮೇಲೆ ಯಜಮಾನರು, “ಎಂತ ಚೊಲೋ ಬರದ್ದೆ ಮಾರಾಯ್ತಿ!” ಅಂದರು. ಆ ಒಂದು ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಮುದುಕನಿಗೆ ಒಂದು ಪ್ರತಿ ಕೊಡಬೇಕು ಅಂದುಕೊಂಡದ್ದು ಹಾಗೆಯೇ ಉಳಿಯಿತು.

ಆರೇಳು ವರ್ಷದ ನಂತರ ಕೆರೆಯ ಹೂಳು ತೆಗೆಯುವ ಕೆಲಸ ಬಂತು. ಊರಿನಲ್ಲಿ ಕೆರೆ ಅಭಿವೃದ್ಧಿ ಸಮಿತಿಯೊಂದು ಹುಟ್ಟಿತು. ನಮ್ಮ ಯಜಮಾನರೇ ಕಾರ್ಯದರ್ಶಿ. ಹೂಳು ತೆಗೆಯುವುದು, ಸುತ್ತ ನಡೆದಾಡುವ ದಾರಿ ಮಾಡುವುದು, ಬೆಂಚು ಹಾಕುವುದು. ಒಳ್ಳೆಯದೇ. ಆದರೆ ದಾರಿಗೆ ಬಡಗಲ ಕಡೆ ಜಾಗ ಬೇಕಿತ್ತು, ಅಲ್ಲಿ ಎಂಟು ಮನೆಗಳಿದ್ದವು. ಆ ಮನೆಗಳಿಗೆ ಸರಿಯಾದ ಕಾಗದವಿರಲಿಲ್ಲ, ಕೆರೆಯ ಗಡಿಕಲ್ಲುಗಳು ಹೂಳಿನಲ್ಲೋ ಪೊದೆಯಲ್ಲೋ ಹೋಗಿದ್ದವು. ಹಾಗಾಗಿ ಅಧಿಕಾರಿಯೊಬ್ಬರು ಬಂದು ಊರವರ ಹೇಳಿಕೆ ಕೇಳುತ್ತಾರೆ ಅಂತಾಯಿತು. ಆ ಜಾಗ ಮೊದಲಿಂದ ಒಣನೆಲವೇ ಆಗಿದ್ದರೆ ಮನೆಗಳು ಉಳಿಯುತ್ತವೆ. ಕೆರೆಯ ಒಡಲಾಗಿದ್ದರೆ ಏಳಬೇಕು.

ಹಿಂದಿನ ದಿನ ಸಂಜೆ ಯಜಮಾನರ ಮೇಜಿನ ಮೇಲೆ ನಮ್ಮ ಸ್ಮರಣ ಸಂಚಿಕೆ ಬಿದ್ದಿತ್ತು. ನನ್ನ ಪುಟಕ್ಕೆ ಕಾಗದದ ಚೂರು ಸಿಕ್ಕಿಸಿತ್ತು.

“ಇದನ್ನ ಎಂತಕ್ಕೆ ತೆಗದ್ದು?” ಎಂದೆ.

“ನಾಳೆ ಓದಲೆ. ಇದಕ್ಕಿಂತ ಬೇರೆ ಸಾಕ್ಷಿ ಎಂತ ಬೇಕು?”

“ಅದು ಸರಿ ಇಲ್ಲೆ. ಆನು ಚೂರು ಸೇರ್ಸಿ ಬರದ್ದು. ನೀರು ಬಂದದ್ದು ಮೂರೇ ದಿನ. ನಾಳೆ ಆನೇ ಹೇಳ್ತೆ.”

ಯಜಮಾನರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. “ಬರದ್ದು ಬರದಾತು. ಈಗ ಸುಳ್ಳು ಬರದ್ದಿದ್ದೆ ಹೇಳಿ ಅಷ್ಟು ಜನರೆದುರು ಹೇಳಿರೆ ನಿನ್ನ ಮರ್ಯಾದಿ ಎಂತಾಗ್ತು? ಶಾಲೆದು ಎಂತಾಗ್ತು? ಸುಮ್ನಿರು” ಅಂದರು. ಹಳೆಯ ಟ್ರಂಕಿನಿಂದ ನೋಟ್‌ಬುಕ್ಕು ಹುಡುಕಿ ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ. ಹೇಳಿಯೇ ಹೇಳುತ್ತೇನೆ ಅಂತಲೇ ಹಾಕಿಕೊಂಡದ್ದು. ಇದನ್ನು ಯಾರು ನಂಬುತ್ತಾರೋ ಬಿಡುತ್ತಾರೋ, ಅದು ನಿಜ.

ಸಭೆ ನಮ್ಮ ಶಾಲೆಯ ಹಾಲಿನಲ್ಲೇ ನಡೆಯಿತು. ನನ್ನನ್ನು ಮುಂದಿನ ಸಾಲಿನಲ್ಲಿ, ಹೆಡ್ ಮಾಸ್ತರರ ಪಕ್ಕ ಕೂರಿಸಿದರು. ಎಂಟು ಮನೆಯವರು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಮುದುಕ ಮುಂದೆ ಬಂದು, ತಮ್ಮಪ್ಪನ ಕಾಲದಿಂದ ಅದು ಎತ್ತು ಕಟ್ಟುತ್ತಿದ್ದ ಒಣನೆಲ, ಕೆರೆ ಅಲ್ಲಿ ಯಾವತ್ತೂ ಇರಲಿಲ್ಲ ಅಂದರು. ಆಗ ಸಮಿತಿಯ ಹಿರಿಯರೊಬ್ಬರು ಸಂಚಿಕೆ ಬಿಡಿಸಿ ಆ ಎರಡು ಸಾಲು ಓದಿದರು. “ಇದು ನೀವೇ ಹೇಳಿದ್ದಲ್ಲವೇ? ಬಡಗಣ ದಂಡೆಯ ಹಿರಿಯರು ಅಂದರೆ ಬೇರೆ ಯಾರು?”

ಮುದುಕನಿಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಮ್ಮೆ ಓದಿ ಹೇಳಿದರು. ಆಗ ಅವರು ಅಧಿಕಾರಿಯನ್ನೂ ನೋಡಲಿಲ್ಲ, ಸಮಿತಿಯನ್ನೂ ನೋಡಲಿಲ್ಲ. ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟು ಗಿಟ್ಟು ಏನೂ ಇಲ್ಲ. ಪಾಠದಲ್ಲಿ ತಿಳಿಯದ್ದನ್ನು ಕೇಳುವ ಹಾಗೆ ಕೇಳಿದರು.

“ನಾ ಹಂಗ ಹೇಳಿದ್ನಾ ಅಕ್ಕೋರೆ?”

ಚೀಲ ನನ್ನ ತೊಡೆಯ ಮೇಲಿತ್ತು. ನೋಟ್‌ಬುಕ್ಕಿನ ಗಟ್ಟಿ ರಟ್ಟು ಬಟ್ಟೆಯ ಮೂಲಕ ಕೈಗೆ ತಾಗುತ್ತಿತ್ತು. ಹಾಲಿನ ತುಂಬ ನನ್ನ ಹಳೆಯ ವಿದ್ಯಾರ್ಥಿಗಳು, ಅವರ ಅಪ್ಪಂದಿರು. ನಾನು ಎದ್ದು ನಿಂತೆ. ಬಾಯಿಂದ ಬಂದದ್ದು ಇದು: “ನೀವು ಹೇಳಿದ್ದನ್ನೇ ನಾನು ಬರೆದದ್ದು.”

ಮುದುಕ ತಲೆ ಕೆರೆದುಕೊಂಡರು. “ಅಕ್ಕೋರು ಹೇಳ್ತಾರಂದ್ರ ಹೇಳಿರಬೇಕು ಬಿಡ್ರಿ. ನನಗೂ ವಯಸ್ಸಾತು” ಅಂದರು. ಅದನ್ನೇ ಅವರ ಹೇಳಿಕೆ ಎಂದು ಬರೆದುಕೊಂಡರು. ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡರು.

ಆ ಚಳಿಗಾಲದಲ್ಲಿ ಎಂಟೂ ಮನೆ ಹೋದವು. ನಾನು ಅವತ್ತು ತರಗತಿಯಲ್ಲಿದ್ದೆ. ಯಂತ್ರದ ಸದ್ದು ಕೇಳಿಸುತ್ತಿತ್ತು, ಕಿಟಕಿ ಹಾಕಿಸಿದೆ. ಮುದುಕ, ಹೆಂಡತಿ ಇಬ್ಬರೂ ಕಿರವತ್ತಿಯಲ್ಲಿದ್ದ ಮಗಳ ಮನೆಗೆ ಹೋದರು ಎಂದು ಆಮೇಲೆ ಕೇಳಿದೆ. ಕೆರೆ ಮಾತ್ರ ಚೆಂದವಾಯಿತು. ದಾರಿ ಬಂತು, ಬೆಂಚು ಬಂತು, ಬಡಗಲ ದಂಡೆಯಲ್ಲಿ ಒಂದು ದೊಡ್ಡ ಬೋರ್ಡೂ ಬಂತು. ಅದರ ಮೇಲೆ ಕೆರೆಯ ಇತಿಹಾಸ ಎಂದು ನನ್ನ ಆ ಎರಡು ಸಾಲು, ಕೆಳಗೆ ನನ್ನ ಹೆಸರು, ನೀಲಿ ಪೇಂಟಿನಲ್ಲಿ. ಮುದುಕನ ಅಡುಗೆಮನೆ ಇದ್ದ ಜಾಗ ಅದು. ಶಾಲೆಗೆ ಹೋಗಲು ಅದೇ ಹತ್ತಿರದ ದಾರಿ. ನಾನು ಡಿಪೋ ಸುತ್ತಿ ಹೋಗತೊಡಗಿದೆ. ಯಾರಾದರೂ ಕೇಳಿದರೆ, ನಡೆದರೆ ಆರೋಗ್ಯಕ್ಕೆ ಒಳ್ಳೆಯದು ಅನ್ನುತ್ತಿದ್ದೆ. ಎಂಥ ನಾಟಕ!

ಹೀಗೆಯೇ ಐದು ವರ್ಷ ಸುತ್ತಿದೆ. ಒಂದು ವರ್ಷ ಒಂಬತ್ತನೇ ತರಗತಿಗೆ ‘ನಮ್ಮ ಊರಿನ ಜಲಮೂಲ’ ಎಂದು ಪ್ರಾಜೆಕ್ಟ್ ಬಂತು. ಮಕ್ಕಳು ಯಾರನ್ನೂ ಕೇಳುವ ಕಷ್ಟ ತೆಗೆದುಕೊಳ್ಳಲಿಲ್ಲ, ಎಲ್ಲರೂ ಬೋರ್ಡು ನೋಡಿ ಇಳಿಸಿಕೊಂಡು ಬಂದರು. ಮೂವತ್ತೆರಡು ಪ್ರಾಜೆಕ್ಟ್. ಮೂವತ್ತೆರಡರಲ್ಲೂ ಕೆರೆಯ ನೀರು ಸದಾ ಹೊಸ್ತಿಲು ತೊಳೆಯುತ್ತಿತ್ತು. ಕೆಂಪು ಪೆನ್ನು ಹಿಡಿದು ಕೂತೆ. ತಪ್ಪು ಅಂತ ಗೀಟು ಎಳೆಯಲೇ? ಎಳೆದರೆ ಮಕ್ಕಳು ಬೋರ್ಡು ತೋರಿಸುತ್ತಾರೆ, ಬೋರ್ಡಿನ ಕೆಳಗೆ ಇರುವುದು ನನ್ನದೇ ಹೆಸರು. ಎಲ್ಲಕ್ಕೂ ಸರಿ ಗುರುತು ಹಾಕಿದೆ. ಮೂವತ್ತೆರಡನೆಯದಕ್ಕೆ ಹಾಕುವಾಗ ಅಳು ಬಂದುಬಿಟ್ಟಿತು. ಮುಂದಿನ ಭಾನುವಾರ ಯಜಮಾನರಿಗೂ ಹೇಳದೆ ನೋಟ್‌ಬುಕ್ಕು ಚೀಲಕ್ಕೆ ಹಾಕಿಕೊಂಡು ಕಿರವತ್ತಿಯ ಬಸ್ಸು ಹತ್ತಿದೆ.

ಧಾಬಾಗಳ ಸಾಲಿನ ಕೊನೆಗೆ ಅಳಿಯನ ಪಂಕ್ಚರ್ ಅಂಗಡಿ, ಅದರ ಹಿಂದೆ ಮನೆ. ಮುದುಕ ಹೊರಗೆ ಹಳೇ ಟಾಯರಿನ ಮೇಲೆ ಕೂತಿದ್ದರು. ಬಹಳ ಇಳಿದುಹೋಗಿದ್ದರು. ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಹಿಡಿದದ್ದೇ ತಡ, ಅದೇ ಹಿಂದಿನ ಸಡಗರದಿಂದ, “ಅಯ್ಯಯ್ಯೋ, ಅಕ್ಕೋರೆ! ಇಷ್ಟ್ ದೂರ ಬಂದೀರಿ? ಏ, ಯಾರು ಬಂದಾರ ನೋಡ ಬಾ!” ಎಂದು ಎದ್ದರು. ಎದ್ದವರು ನೇರ ರಸ್ತೆಯ ಕಡೆ ಹೊರಟರು. ಸೋಡಾ ತರಲು.

“ಬೇಡ, ನಿಲ್ಲಿ” ಎಂದೆ. “ಚಹಾ ಆಗ್ತದೆ. ಮನೆದೇ ಆಗ್ತದೆ.”

ಹೆಂಡತಿ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡಳು. ಒಳಗೆ ಹೋಗಿ ಚಹಾ ಮಾಡಿ ತಂದು ನನ್ನ ಮುಂದಿಟ್ಟಳು. ಶುಂಠಿ ಹಾಕಿದ ಚಹಾ. ಎರಡು ಗುಟುಕು ಕುಡಿದೆ. ಬಸ್ಸಿನಲ್ಲಿ ಏನೇನೋ ಮಾತು ಜೋಡಿಸಿಕೊಂಡಿದ್ದೆ, ಒಂದೂ ನೆನಪಿಗೆ ಬರಲಿಲ್ಲ. ನೋಟ್‌ಬುಕ್ಕು ತೆಗೆದು, “ಅವತ್ತು ನೀವು ಹೇಳಿದ್ದು ಇದರಲ್ಲಿದೆ, ಓದ್ತೇನೆ” ಎಂದು ಓದಿದೆ. ಅಪ್ಪನ ಗಾಡಿ, ಎತ್ತು, ಗುಡಿಸಲು, ಅಂಗಡಿ, ಶಾಲೆ. ಕೋಡಿಗೆ ಅಡ್ಡ ಬಿದ್ದ ದಿಮ್ಮಿ. ಒಂದೇ ವರ್ಷ, ಮೂರು ದಿನ. ಹೊಸ್ತಿಲ ಮೇಲೆ ಕೂತು ಪಾತ್ರೆ ತೊಳೆದದ್ದು.

ಮುದುಕ ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿ ಎಂದೇ ಹೋಗಿದ್ದೆ. ಅವರ ಮುಖ ಅರಳಿಬಿಟ್ಟಿತು.

“ಕೇಳಿದ್ಯಾ? ಕೇಳಿದ್ಯಾ ನೀನು?” ಎಂದು ಹೆಂಡತಿಯ ಕಡೆ ತಿರುಗಿದರು. “ನಾ ಸರಿಯಾಗೇ ಹೇಳಿದ್ದೆ! ಮೂರೇ ದಿನ ಅಂದಿದ್ದೆ!” ಆಮೇಲೆ ನನ್ನ ಕಡೆ ತಿರುಗಿ, “ಐದು ವರ್ಸ ಆತು ಅಕ್ಕೋರೆ, ಇಕಿ ನನಗ ಬೈಯಾಕ ಹತ್ತಿ. ನಿನ್ನ ಬಾಯಿಂದ್ಲೇ ಮನಿ ಹೋತು, ಅಕ್ಕೋರ ಮುಂದ ಏನೇನೋ ಬಡಾಯಿ ಕೊಚ್ಚಿದಿ ಅಂತ. ನಾನೂ ಹಂಗ ತಿಳಕೊಂಡಿದ್ದೆ. ಸಾಯೋತನಕ ಇದೊಂದು ಇರ್ತದ ಅಂದ್ಕೊಂಡಿದ್ದೆ. ಇಲ್ಲ ನೋಡ್ರಿ, ನಾ ಸರಿಯಾಗೇ ಹೇಳಿದ್ದೆ!” ಅಂದರು. ಅವರ ಕಣ್ಣಲ್ಲಿ ನೀರು. ನನ್ನ ಕೈ ಹಿಡಿದುಕೊಂಡು, ಬಂದು ಹೇಳಿದಿರಲ್ಲ, ದೊಡ್ಡ ಉಪಕಾರವಾಯಿತು ಎಂದು ಮತ್ತೆ ಮತ್ತೆ ಹೇಳಿದರು. ಭೂಮಿ ಬಾಯಿಬಿಡಬಾರದೇ ಅನಿಸಿತು ನನಗೆ.

ಹೆಂಡತಿ ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು.

“ಇನ್ನೊಮ್ಮೆ ಓದ್ರಿ” ಅಂದಳು. “ಪಾತ್ರಿ ತೊಳದಿದ್ದು.”

ಓದಿದೆ. ಅವಳು ಪೂರ್ತಿ ಕೇಳಿ, ಗಂಡನ ಕಡೆ ಒಂದು ಸಲ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು.

“ಅವತ್ತು ಸಭಾದಾಗ ಈ ಪುಸ್ತಕ ಎಲ್ಲಿತ್ರಿ?”

“ನನ್ನ ಚೀಲದಲ್ಲೇ ಇತ್ತು” ಎಂದೆ. “ತೊಡೆ ಮೇಲೆ.”

ಮುದುಕ ನನ್ನ ಕೈ ಬಿಟ್ಟರು. ಅವಳು ಬಗ್ಗಿ ನನ್ನ ಮುಂದಿದ್ದ ಚಹಾದ ಲೋಟ ತೆಗೆದುಕೊಂಡು ಒಳಗೆ ಹೋದಳು. ಅದರಲ್ಲಿ ಇನ್ನೂ ಅರ್ಧ ಚಹಾ ಇತ್ತು.